ಬರೆಯ ಮಣ್ಣಿಂದ ಬಣ್ಣ: ಹೈಸ್ಕೂಲ್ ಮಕ್ಕಳು ತಾವೇ ಜಲವರ್ಣ ಮಾಡಿಕೊಳ್ಳುವುದು ಹೇಗೆ?

ಪ್ರತಿ ವರ್ಷವೂ ಒಂದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ಬರುತ್ತದೆ. "ಸರ್, ಮಣ್ಣಿಂದ ಬಣ್ಣ ಮಾಡಬಹುದಂತೆ, ಹೇಗೆ?" ಅಂತ ಮಕ್ಕಳು. "ವಿಜ್ಞಾನ ಮೇಳಕ್ಕೂ ಆಗಬೇಕು, ಚಿತ್ರಕಲೆಗೂ ಆಗಬೇಕು, ಖರ್ಚು ಕಡಿಮೆ ಇರಬೇಕು" ಅಂತ ಮೇಷ್ಟ್ರು. "ನಮ್ಮ ಮಗಳಿಗೆ ಕ್ರಿಯೇಟಿವಿಟಿ ಇದೆಯಾ, ಸ್ವಲ್ಪ ನೋಡಿ ಹೇಳಿ" ಅಂತ ಅಪ್ಪ ಅಮ್ಮ. ಮೂವರಿಗೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಮೂರನೆಯದಕ್ಕೆ ಮೊದಲೇ ಉತ್ತರ ಕೊಟ್ಟುಬಿಡುತ್ತೇನೆ. ಇದೆಯೋ ಇಲ್ಲವೋ ಅಂತ ಮುಖ ನೋಡಿ ಹೇಳಲು ನನ್ನಿಂದಾಗದು. 24 ಬಣ್ಣದ ಡಬ್ಬಿ ಕೊಟ್ಟರೆ ಎಂಟನೇ ಕ್ಲಾಸಿನ ಹುಡುಗ ಮರಕ್ಕೆ ಹಸಿರು, ಆಕಾಶಕ್ಕೆ ನೀಲಿ ಬಳಿದು ಎದ್ದು ಹೋಗುತ್ತಾನೆ. ನಾಲ್ಕೇ ಬಣ್ಣ ಕೊಡಿ, ಅದೂ ಅವನೇ ಕುಟ್ಟಿ ಸೋಸಿದ್ದು. ಹಸಿರೇ ಇಲ್ಲದೆ ಮರ ಬರೆಯೋದು ಹೇಗಪ್ಪಾ ಅಂತ ತಲೆ ಕೆರೆದುಕೊಳ್ಳುತ್ತಾನೆ. ನಮಗೆ ಬೇಕಿರುವುದು ಆ ಕೆರೆತ.

ಕೊಡಗಿನಲ್ಲಿ ಇದಕ್ಕೆ ಸಾಮಾನು ಹುಡುಕಬೇಕಾಗಿಲ್ಲ. ರಸ್ತೆಗೆಂದೋ ಮನೆಗೆಂದೋ ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆಯನ್ನು ನಾವು ಬರೆ ಅನ್ನುತ್ತೇವಲ್ಲ, ಅದರ ಎದುರು ಒಂದು ನಿಮಿಷ ನಿಲ್ಲಿ. ಮೇಲೆ ಬೇರು ತುಂಬಿದ ಕಪ್ಪು ಮಣ್ಣು. ಅದರ ಕೆಳಗೆ ಕೆಂಪು. ಇನ್ನೂ ಕೆಳಗೆ ಹಳದಿ, ಕೆಲವು ಕಡೆ ತಿಳಿಗುಲಾಬಿ, ಅಲ್ಲಲ್ಲಿ ಬೂದಿ ಬಣ್ಣದ ಗೆರೆ. ಕೆಂಪಿಗೂ ಹಳದಿಗೂ ಕಾರಣ ಕಬ್ಬಿಣ. ಕಬ್ಬಿಣದ ಆಕ್ಸೈಡ್ ಕೆಂಪು, ಅದೇ ನೀರಿನಂಶ ಸೇರಿಕೊಂಡ ರೂಪದಲ್ಲಿ ಹಳದಿ. ಇವು ಬಿಸಿಲಿಗೆ ಮಾಸುವುದಿಲ್ಲ. ಮನುಷ್ಯರು ಗುಹೆಯ ಗೋಡೆಗೆ ಬಳಿದದ್ದೂ ಇದನ್ನೇ. ಸಾಗರ, ಸೊರಬದ ಕಡೆ ಹಸೆ ಚಿತ್ತಾರಕ್ಕೆ ಬಳಸುವ ಕೆಮ್ಮಣ್ಣೂ ಇದೇ ಜಾತಿಯದು.

ಏನೇನು ಬೇಕು

ಎರಡು ಬಕೆಟ್, ಚಹಾ ಸೋಸುವ ಜಾಲರಿ, ಹಳೆ ಪಂಚೆಯ ತುಂಡು, ಸ್ಟೀಲ್ ತಟ್ಟೆಗಳು, ಕುಟ್ಟಲು ಗುಂಡುಕಲ್ಲು. ಅರೆಯಲು ನುಣುಪಾದ ಟೈಲ್ಸ್ ತುಂಡು, ತಳ ಚಪ್ಪಟೆಯಿರುವ ಭಾರದ ಲೋಟ. ಗೋಂದು, ಜೇನುತುಪ್ಪ, ಲವಂಗದ ಎಣ್ಣೆ. ಮೂಗಿಗೆ ಮಾಸ್ಕ್. ಬ್ರಷ್ ನಿಮ್ಮಲ್ಲಿರುವುದೇ ಸಾಕು.

ಕಾಗದಕ್ಕೆ ಮಾತ್ರ ಜಿಪುಣತನ ಬೇಡ. ಮಾಮೂಲಿ ಡ್ರಾಯಿಂಗ್ ಶೀಟ್ ನೀರು ಬಿದ್ದರೆ ಹಪ್ಪಳದಂತೆ ಉಬ್ಬುತ್ತದೆ. ಅಂಗಡಿಯಲ್ಲಿ ಜಿಎಸ್‌ಎಂ ಎಷ್ಟು ಅಂತ ಕೇಳಿ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ ಅದು. 200ಕ್ಕಿಂತ ಮೇಲಿರಲಿ, 300 ಸಿಕ್ಕಿದರೆ ಒಳ್ಳೆಯದು. ದುಬಾರಿ ಅನ್ನಿಸಿದರೆ ಒಂದು ಶೀಟನ್ನು ಎಂಟು ತುಂಡು ಮಾಡಿ. ಚಿತ್ರ ಚಿಕ್ಕದಾದರೆ ನಷ್ಟವೇನಿಲ್ಲ.

ಎಲ್ಲ ಸೇರಿ ಕೈಕೆಲಸ ಐದಾರು ಗಂಟೆ. ಆದರೆ ನಡುನಡುವೆ ಒಣಗಲು, ನೆನೆಯಲು ಬಿಡಬೇಕು. ಹಾಗಾಗಿ ಎರಡು ವಾರ ಇಟ್ಟುಕೊಳ್ಳಿ.

1. ಮಣ್ಣು ತರುವುದು

ನಮ್ಮ ಸುಗ್ಗಿ ಹಬ್ಬ ಹುತ್ತರಿ ಕಳೆದ ಮೇಲೆ, ಕಣದಲ್ಲಿ ಕಾಫಿ ಒಣಗುವ ದಿನಗಳಲ್ಲಿ ತನ್ನಿ. ಮಣ್ಣು ಒಣಗಿರುತ್ತದೆ, ಬಣ್ಣಗಳ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಮಳೆಗಾಲದಲ್ಲಿ ಬರೆಯ ಬುಡಕ್ಕೆ ಹೋಗಲೇಬೇಡಿ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ. ಬೇಸಿಗೆಯಲ್ಲೂ ಬರೆಯನ್ನು ಅಗೆಯುವುದು ಬೇಡ. ಉದುರಿ ಕೆಳಗೆ ಬಿದ್ದಿರುವುದನ್ನು ಹೆಕ್ಕಿದರೆ ಸಾಕು. ಒಂದು ಬಣ್ಣಕ್ಕೆ ಎರಡು ಮುಷ್ಟಿ. ಗದ್ದೆಯ ಬದಿಯಲ್ಲಿ ಬೂದಿ ಬಣ್ಣದ ಜೇಡಿಮಣ್ಣು ಸಿಗುತ್ತದೆ, ಅದೂ ಇರಲಿ. ಕೈಯಲ್ಲಿ ಗಾಯವಿದ್ದರೆ ಗ್ಲೌಸ್ ಹಾಕಿಕೊಳ್ಳಿ. ತೋಟವಾದರೆ ಮಾಲೀಕರನ್ನು ಕೇಳಿ. ಅರಣ್ಯ ಇಲಾಖೆಯ ಜಾಗದಿಂದ, ದೇವರಕಾಡಿನಿಂದ ಏನನ್ನೂ ತರಬೇಡಿ.

ಇನ್ನೊಂದು ಎಚ್ಚರಿಕೆ ನಮ್ಮ ಕಡೆಗೆ ಮಾತ್ರ ಸಲ್ಲುವಂಥದ್ದು. ಕಾಫಿ ಗಿಡದ ಬುಡದ, ಮೆಣಸಿನ ಬಳ್ಳಿಯ ಬುಡದ ಮಣ್ಣು ಬೇಡ. ಅಲ್ಲಿ ಬೋರ್ಡೋ ಬಿದ್ದಿರುತ್ತದೆ, ಬೇರೆ ಔಷಧಿಯೂ ಬಿದ್ದಿರಬಹುದು. ಬೋರ್ಡೋ ಅಂದರೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ದ್ರಾವಣ. ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಕೇಳುತ್ತಾರೆ: "ಮೈಲುತುತ್ತ ಎಷ್ಟು ಚೆಂದ ನೀಲಿ ಇದೆ, ಅದನ್ನೇ ಬಣ್ಣ ಮಾಡಿದ್ರೆ?" ಬೇಡ. ಅದು ತಾಮ್ರದ ಲವಣ, ವಿಷ. ಗೋದಾಮಿನ ಚೀಲಕ್ಕೆ ಕೈ ಹಾಕಬೇಡಿ.

ತಂದ ಪ್ರತಿ ಮಣ್ಣನ್ನೂ ಬೇರೆ ಕವರಿನಲ್ಲಿ ಹಾಕಿ, ಎಲ್ಲಿಂದ ಅಂತ ಬರೆದಿಡಿ. "ಬಸ್ ಸ್ಟ್ಯಾಂಡ್ ಹಿಂದೆ, ಹಳದಿ" ಅಂದರೆ ಸಾಕು. ಆಮೇಲೆ ಬರೆಯೋಣ ಅಂದುಕೊಂಡರೆ ಮನೆ ಮುಟ್ಟುವಷ್ಟರಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ.

2. ತೊಳೆದು ಸೋಸುವುದು

ಹೆಚ್ಚಿನವರು ಎಡವುವುದು ಇಲ್ಲೇ. ಮಣ್ಣನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ಸೀದಾ ಗೋಂದಿಗೆ ಬೆರೆಸುತ್ತಾರೆ. ಕಾಗದದ ಮೇಲೆ ಅದು ಬಣ್ಣವಾಗುವುದಿಲ್ಲ, ಕೆಸರಾಗುತ್ತದೆ. ಬಣ್ಣ ಇರುವುದು ಮಣ್ಣಿನ ಅತಿ ನುಣುಪಾದ ಕಣಗಳಲ್ಲಿ. ಮರಳನ್ನು ಕಳೆದು ಆ ಕಣಗಳನ್ನಷ್ಟೇ ಉಳಿಸಿಕೊಳ್ಳಬೇಕು. ಅದನ್ನು ಜರಡಿಗಿಂತ ನೀರು ಚೆನ್ನಾಗಿ ಮಾಡುತ್ತದೆ.

ಮಣ್ಣಿನ ಹೆಂಟೆಗಳನ್ನು ಒಡೆದು, ಬೇರು, ಕಲ್ಲು ತೆಗೆಯಿರಿ. ಬಕೆಟ್ಟಿಗೆ ಹಾಕಿ, ನಾಲ್ಕೈದು ಪಟ್ಟು ನೀರು ಸುರಿದು ಕೈಯಲ್ಲಿ ಚೆನ್ನಾಗಿ ಕದಡಿ. ಕೈ ತೆಗೆದು ಮೂವತ್ತರವರೆಗೆ ಎಣಿಸಿ. ಅಷ್ಟರಲ್ಲಿ ಮರಳು ತಳಕ್ಕೆ ಕೂತಿರುತ್ತದೆ. ಮೇಲಿನ ಬಣ್ಣದ ನೀರನ್ನು ಮಾತ್ರ, ತಳ ಅಲುಗದಂತೆ, ಜಾಲರಿ ಮತ್ತು ಪಂಚೆಯ ಬಟ್ಟೆ ಹಿಡಿದು ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ. ತಳದ ಮರಳನ್ನು ಹೂಕುಂಡಕ್ಕೆ ಹಾಕಿ. ಎರಡನೇ ಸಲ ಇದೇ ಮಾಡಿ. ಮೂರನೇ ಸಲವೂ ಮಾಡಿದರೆ ಬಣ್ಣ ಇನ್ನೂ ನುಣುಪು.

ಈಗ ಬಕೆಟ್ಟನ್ನು ಮೂಲೆಯಲ್ಲಿಟ್ಟು ಮರೆತುಬಿಡಿ. ಬೆಳಿಗ್ಗೆಗೆ ಮೇಲೆ ತಿಳಿನೀರು, ಕೆಳಗೆ ಮೊಸರಿನಂಥ ಬಣ್ಣ. ನಮ್ಮ ಕೆಂಪು ಮಣ್ಣು ಕೆಲವೊಮ್ಮೆ ಹಠ ಮಾಡುತ್ತದೆ, ಎರಡು ದಿನವಾದರೂ ನೀರು ತಿಳಿಯಾಗುವುದಿಲ್ಲ. ಹಳ್ಳಿಯಲ್ಲಿ ಕೆಂಪು ನೀರನ್ನು ತಿಳಿ ಮಾಡಲು ಹಾಕುತ್ತಿದ್ದರಲ್ಲ, ಆ ಪಟಿಕವನ್ನು ಒಂದು ಚಿಟಿಕೆ ಹಾಕಿ ಕದಡಿ. ಸಣ್ಣ ಕಣಗಳು ಒಂದಕ್ಕೊಂದು ಅಂಟಿ, ಭಾರವಾಗಿ ಕೂರುತ್ತವೆ. ಪಟಿಕ ಹಾಕಿದರೆ ಮೇಲಿನ ನೀರು ಚೆಲ್ಲಿ, ಹೊಸ ನೀರಲ್ಲಿ ಇನ್ನೊಮ್ಮೆ ತೊಳೆಯಿರಿ.

ತಿಳಿನೀರು ಬಸಿದು, ಕೆಳಗಿನ ಗಟ್ಟಿಯನ್ನು ಸ್ಟೀಲ್ ತಟ್ಟೆಗೆ ತೆಳ್ಳಗೆ ಹರಡಿ ಬಿಸಿಲಿಗಿಡಿ. ಒಣಗಿದಾಗ ಬತ್ತಿದ ಕೆರೆಯ ಹಾಗೆ ಬಿರುಕು ಬಿಡುತ್ತದೆ, ತುಂಡುಗಳ ಅಂಚು ಮೇಲಕ್ಕೆ ಸುರುಳಿಯಾಗುತ್ತದೆ. ಬೆರಳಲ್ಲಿ ಎತ್ತಿದರೆ ಹಕ್ಕಳೆ ಹಕ್ಕಳೆಯಾಗಿ ಏಳುತ್ತದೆ. ಎರಡು ಬೆರಳ ನಡುವೆ ತಿಕ್ಕಿ ನೋಡಿ. ಮುಖಕ್ಕೆ ಹಚ್ಚುವ ಪೌಡರಿನಂತಿರಬೇಕು. ತರಿ ಸಿಕ್ಕಿದರೆ ಮತ್ತೆ ನೀರಿಗೆ.

3. ಹಳದಿಯನ್ನು ಹುರಿಯುವುದು

ಇದನ್ನು ಬಿಟ್ಟರೂ ಬಣ್ಣವಾಗುತ್ತದೆ. ಆದರೆ ಬಿಡಬೇಡಿ, ಇಡೀ ಕೆಲಸದಲ್ಲಿ ಮಕ್ಕಳು ಕಣ್ಣರಳಿಸುವುದು ಇಲ್ಲಿಯೇ.

ಪೂರ್ತಿ ಒಣಗಿದ ಹಳದಿ ಪುಡಿಯಲ್ಲಿ ಅರ್ಧ ತೆಗೆದಿಡಿ. ಉಳಿದರ್ಧವನ್ನು ಹಳೆ ಕಬ್ಬಿಣದ ಬಾಣಲೆಯಲ್ಲಿ ಹಾಕಿ, ಅಂಗಳದ ಸೌದೆ ಒಲೆಯ ಮೇಲೆ ದೊಡ್ಡ ಉರಿಯಲ್ಲಿ ಹುರಿಯಿರಿ. ಕೈ ಬಿಡದೆ ಕೆದಕಬೇಕು. ಮೊದಲು ಏನೂ ಆಗದು. ಆಮೇಲೆ ತಳದಿಂದ ಕಿತ್ತಳೆ ಛಾಯೆ ಏಳುತ್ತದೆ, ನೋಡುನೋಡುತ್ತಿದ್ದಂತೆ ಇಟ್ಟಿಗೆಯ ಕೆಂಪಿಗೆ ತಿರುಗುತ್ತದೆ. ಹಳದಿ ಮಣ್ಣಿನ ಕಬ್ಬಿಣದೊಳಗೆ ಕಟ್ಟಿಕೊಂಡಿದ್ದ ನೀರು ಹಾರಿಹೋಗಿ ಕೆಂಪು ಆಕ್ಸೈಡ್ ಉಳಿಯುತ್ತದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಅರ್ಧ ಗಂಟೆಯಾದರೂ ಬಣ್ಣ ಬದಲಾಗದಿದ್ದರೆ ಉರಿ ಸಾಲದು. ನಡುನಡುವೆ ಚಮಚ ಚಮಚ ತೆಗೆದಿಟ್ಟರೆ ಒಂದೇ ಮಣ್ಣಿಂದ ನಾಲ್ಕು ಛಾಯೆ ಸಿಗುತ್ತದೆ. ವಿಜ್ಞಾನ ಮೇಳದ ಮೇಷ್ಟ್ರೇ, ನಿಮಗೆ ಬೇಕಿದ್ದದ್ದು ಇದು.

ದೊಡ್ಡವರೊಬ್ಬರು ಪಕ್ಕದಲ್ಲಿರಲೇಬೇಕು. ಹಸಿ ಹೆಂಟೆ ಇದ್ದರೆ ಸಿಡಿಯುತ್ತದೆ. ಆ ಬಾಣಲೆ ಮತ್ತೆ ಅಡುಗೆಗೆ ಬೇಡ. ಅಮ್ಮನಿಗೆ ಹೇಳದೆ ತಂದ ಬಾಣಲೆಯ ಜವಾಬ್ದಾರಿ ನನ್ನದಲ್ಲ.

4. ಕಪ್ಪು ಮತ್ತು ಬಿಳಿ

ಕಪ್ಪಿಗೆ ತೆಂಗಿನ ಚಿಪ್ಪಿನ ಇದ್ದಿಲು ಸಾಕು. ಒದ್ದೆ ಮಾಡಿ ಕುಟ್ಟಿದರೆ ಪುಡಿ ಹಾರುವುದಿಲ್ಲ. ದೀಪದ ಮಸಿ ಇನ್ನೂ ಗಾಢ, ಆದರೆ ಅದು ನೀರಿಗೆ ಬೆರೆಯದೆ ಮೇಲೆ ತೇಲುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ ಕಲಸಿದರೆ ಬಗ್ಗುತ್ತದೆ.

ಬಿಳಿಗೆ ಸುಣ್ಣ ಬೇಡ, ಕೈ ಮತ್ತು ಕಣ್ಣನ್ನು ಸುಡುತ್ತದೆ. ಕಾಗದದ ಬಿಳಿಯನ್ನೇ ಬಿಟ್ಟು ಬರೆಯುವುದನ್ನು ಅಭ್ಯಾಸ ಮಾಡಿ.

5. ಗೋಂದು ಕರಗಿಸುವುದು

ಪುಡಿಯನ್ನು ಕಾಗದಕ್ಕೆ ಹಿಡಿದಿಡುವ ಅಂಟಿಗೆ ಬಂಧಕ ಅನ್ನುತ್ತಾರೆ. ಜಲವರ್ಣಕ್ಕೆ ಬಂಧಕ ಗೋಂದು, ಅಂದರೆ ಜಾಲಿ ಜಾತಿಯ ಮರದ ಅಂಟು. ಬಂಧಕ ಬದಲಾದರೆ ಬಣ್ಣದ ಜಾತಿಯೇ ಬದಲಾಗುತ್ತದೆ. ಇದೇ ಪುಡಿಗೆ ಅಗಸೆ ಎಣ್ಣೆ ಹಾಕಿದರೆ ತೈಲವರ್ಣ. ಕುಶಾಲನಗರದಾಚೆ ಬೈಲಕುಪ್ಪೆಯಲ್ಲಿ ನೀವು ನೋಡಿರಬಹುದಾದ ಟಿಬೆಟನ್ ತಂಕಾ ಚಿತ್ರಗಳಿಗೆ ಸಾಂಪ್ರದಾಯಿಕವಾಗಿ ಖನಿಜದ ಪುಡಿಯನ್ನು ಪ್ರಾಣಿಚರ್ಮದ ಅಂಟಿನಲ್ಲಿ ಕಲಸುತ್ತಾರೆ.

ದಿನಸಿ ಅಂಗಡಿಯಲ್ಲಿ ಅಂಟಿನುಂಡೆಗೆ ಹಾಕುವ ಅಂಟು ಕೇಳಿದರೆ ಎರಡು ಥರದ್ದು ಸಿಗಬಹುದು. ಒಂದು ನೀರಲ್ಲಿ ಕರಗುತ್ತದೆ. ಇನ್ನೊಂದು, ಬೇಸಿಗೆಯಲ್ಲಿ ಶರಬತ್ತಿಗೆ ಹಾಕುವಂಥದ್ದು, ಕರಗದೆ ಲೋಳೆಯಾಗಿ ಉಬ್ಬುತ್ತದೆ. ನಮಗೆ ಬೇಕಾದದ್ದು ಕರಗುವುದು. ನೋಡಲು ಎರಡೂ ಒಂದೇ ಥರ ಇರುತ್ತವೆ, ಅಂಗಡಿಯವರ ಮಾತನ್ನೇ ನಂಬಬೇಡಿ. ಒಂದು ತುಂಡನ್ನು ರಾತ್ರಿ ಲೋಟದ ನೀರಿಗೆ ಹಾಕಿ, ಬೆಳಿಗ್ಗೆ ನೋಡಿ. ಜೆಲ್ಲಿಯಂತಾಗಿದ್ದರೆ ಅದು ಶರಬತ್ತಿಗೇ ಇರಲಿ.

ಒಂದು ಭಾಗ ಗೋಂದಿನ ಪುಡಿ, ಎರಡು ಭಾಗ ಬಿಸಿನೀರು. ಕುದಿಯುವ ನೀರಲ್ಲ, ಕೈ ತಡೆಯುವಷ್ಟು ಬಿಸಿ. ರಾತ್ರಿಯಿಡೀ ನೆನೆಸಿ ಬಟ್ಟೆಯಲ್ಲಿ ಸೋಸಿ. ಜೇನಿನಷ್ಟು ಮಂದವಿದ್ದರೆ ಸರಿ.

ಇದಕ್ಕೆ ಜೇನುತುಪ್ಪ ಬೆರೆಸುವ ಪದ್ಧತಿ ಇದೆ. ಜೇನು ಗಾಳಿಯ ತೇವ ಹೀರಿಕೊಂಡು ಬಣ್ಣ ಬಿರಿಯದಂತೆ ಕಾಯುತ್ತದೆ. ವಿಡಿಯೊಗಳಲ್ಲಿ ನಾಲ್ಕು ಚಮಚ ಗೋಂದಿಗೆ ಒಂದು ಚಮಚ ಅಂತ ಹೇಳುತ್ತಾರೆ. ಒಣ ಊರಿನವರಿಗೆ ಅದು ಸರಿ. ನಮ್ಮಲ್ಲಿ ಜೂನ್ ಬಂತೆಂದರೆ ಗಾಳಿಯೇ ಒದ್ದೆ. ಅಷ್ಟು ಜೇನು ಹಾಕಿದರೆ ಚಿತ್ರ ಒಣಗುವುದೇ ಇಲ್ಲ, ಮೇಲಿಟ್ಟ ಕಾಗದ ಅಂಟಿಕೊಳ್ಳುತ್ತದೆ, ಇರುವೆ ಬೇರೆ. ಬೇಸಿಗೆಯಲ್ಲಿ ಅರ್ಧ ಚಮಚ, ಮಳೆಗಾಲದಲ್ಲಿ ನಾಲ್ಕೈದು ಹನಿ ಸಾಕು. ಕೊನೆಗೆ ಲವಂಗದ ಎಣ್ಣೆ ಎರಡು ಹನಿ, ಬೂಸ್ಟು ಬರುವುದನ್ನು ತಡ ಮಾಡುತ್ತದೆ. ನಾನು ಒಂದು ಸಲ ಲವಂಗದ ಎಣ್ಣೆ ಹಾಕದೆ ಜುಲೈಯಲ್ಲಿ ಒಂದು ಬಾಟಲಿ ಗೋಂದು ಮಾಡಿಟ್ಟೆ. ವಾರ ಕಳೆಯುವಷ್ಟರಲ್ಲಿ ಮುಚ್ಚಳದ ಕೆಳಗೆ ಬೆಕ್ಕಿನ ಮರಿಯ ಹಾಗೆ ಬೂದು ತುಪ್ಪಳ ಬೆಳೆದಿತ್ತು. ಬೇಕಾದಷ್ಟೇ ಮಾಡಿ, ಫ್ರಿಜ್ಜಿನಲ್ಲಿಡಿ, ಹೆಸರು ಬರೆದಿಡಿ. ಯಾರಾದರೂ ಜೇನು ಅಂತ ದೋಸೆಗೆ ಹಾಕಿಕೊಂಡಾರು.

6. ಅರೆಯುವುದು

ಟೈಲ್ಸ್ ಮೇಲೆ ಒಂದು ಚಮಚ ಪುಡಿ ಹಾಕಿ, ನಡುವೆ ಗುಂಡಿ ಮಾಡಿ, ಹೆಚ್ಚುಕಡಿಮೆ ಅಷ್ಟೇ ಗೋಂದಿನ ನೀರು ಸುರಿಯಿರಿ. ಚಮಚದಲ್ಲಿ ಕಲಸಿ. ಆಮೇಲೆ ಲೋಟದ ತಳದಿಂದ ಎಂಟರ ಆಕಾರದಲ್ಲಿ ಅರೆಯಿರಿ. ಜೋರಾಗಿ ಒತ್ತುವುದು ಬೇಡ, ಅರೆತವೇ ಮುಖ್ಯ.

ಇಲ್ಲಿ ಕಣ್ಣಿಗಿಂತ ಕಿವಿ ಕೆಲಸಕ್ಕೆ ಬರುತ್ತದೆ. ಮೊದಲು ಗರಗರ ಸದ್ದು ಬರುತ್ತದೆ. ಅರೆಯುತ್ತ ಹೋದಂತೆ ಸದ್ದು ಸಣ್ಣದಾಗುತ್ತದೆ. ಹತ್ತು ಹದಿನೈದು ನಿಮಿಷಕ್ಕೆ ಸದ್ದೇ ನಿಂತು, ಲೋಟ ಬೆಣ್ಣೆಯ ಮೇಲೆ ಜಾರಿದಂತೆ ಜಾರುತ್ತದೆ. ಅಲ್ಲಿಗೆ ಆಯಿತು. ಐದು ನಿಮಿಷಕ್ಕೇ "ಸಾಕಲ್ವಾ ಸರ್" ಅನ್ನುವವರು ಇರುತ್ತಾರೆ. ಸಾಲದು. ಇಬ್ಬಿಬ್ಬರು ಸರದಿಯಲ್ಲಿ ಅರೆದರೆ ಕೈ ನೋಯದು.

ಮುಗಿದ ಬಣ್ಣವನ್ನು ಕಪ್ಪೆಚಿಪ್ಪಿನಲ್ಲೋ ಮಾತ್ರೆಯ ಖಾಲಿ ಡಬ್ಬಿಯ ಮುಚ್ಚಳದಲ್ಲೋ ತುಂಬಿ ಒಣಗಲು ಬಿಡಿ. ಬೇಕಾದಾಗ ಒದ್ದೆ ಬ್ರಷ್ ಆಡಿಸಿದರೆ ಬಣ್ಣ ಏಳುತ್ತದೆ, ಅಂಗಡಿಯ ಕೇಕ್ ಬಣ್ಣದ ಹಾಗೆಯೇ.

7. ಪರೀಕ್ಷೆ

ಒಂದು ಚೂರು ಕಾಗದಕ್ಕೆ ಗಾಢವಾಗಿ ಬಳಿದು, ಪೂರ್ತಿ ಒಣಗಿಸಿ, ಬೆರಳಲ್ಲಿ ಉಜ್ಜಿ. ಬೆರಳಿಗೆ ಪುಡಿ ಹತ್ತಿದರೆ ಗೋಂದು ಕಡಿಮೆ. ಎಣ್ಣೆ ಸವರಿದಂತೆ ಹೊಳೆದರೆ, ಬಿರುಕು ಬಿಟ್ಟರೆ ಗೋಂದು ಜಾಸ್ತಿ. ಟೈಲ್ಸಿಗೆ ವಾಪಸ್ ಹಾಕಿ ಸರಿ ಮಾಡಿ. ಪ್ರತಿ ಮಣ್ಣು ಕುಡಿಯುವ ಗೋಂದು ಬೇರೆ ಬೇರೆ, ಗದ್ದೆಯ ಜೇಡಿ ಎಲ್ಲಕ್ಕಿಂತ ಜಾಸ್ತಿ ಕುಡಿಯುತ್ತದೆ.

ಇನ್ನೊಂದು ಪರೀಕ್ಷೆ ಬೆಳಕಿನದು. "ಅರಿಶಿನ ಹಾಕಬಹುದಾ? ಬೀಟ್‌ರೂಟ್? ಸೊಪ್ಪಿನ ರಸ?" ಅಂತ ಕೇಳುತ್ತೀರಿ. ಹಾಕಿ ನೋಡಿ. ಎಲ್ಲವನ್ನೂ ಒಂದು ಕಾಗದದಲ್ಲಿ ಪಟ್ಟಿಯಾಗಿ ಬಳಿದು, ಪಟ್ಟಿಗಳ ಅರ್ಧಕ್ಕೆ ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಎರಡು ವಾರ ಅಂಟಿಸಿ. ರಟ್ಟು ತೆಗೆದಾಗ ಅರಿಶಿನ, ಬೀಟ್‌ರೂಟಿನ ಬಿಸಿಲು ಬಿದ್ದ ಅರ್ಧ ಮಂಕಾಗಿರುತ್ತದೆ, ಸೊಪ್ಪಿನ ಹಸಿರು ಕಂದಾಗಿರುತ್ತದೆ, ಮಣ್ಣಿನ ಪಟ್ಟಿ ಹಾಗೇ ಇರುತ್ತದೆ. ನಾನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ಕಾಫಿಯ ವಿಷಯ. ಕಾಫಿ ನಾಡಿನವರು ಕಾಫಿಯಲ್ಲಿ ಚಿತ್ರ ಬರೆಯದಿದ್ದರೆ ಹೇಗೆ, ಅಲ್ವಾ? ಗಟ್ಟಿ ಡಿಕಾಕ್ಷನ್ ಇನ್ನಷ್ಟು ಬತ್ತಿಸಿ, ಸಕ್ಕರೆ ಹಾಲು ಇಲ್ಲದೆ, ತೆಳುವಾಗಿ ಬಳಿಯಿರಿ. ಒಣಗಿದ ಮೇಲೆ ಇನ್ನೊಂದು ಪದರ. ಒದ್ದೆಯ ಮೇಲೇ ಬಳಿದರೆ ಕೆಳಗಿನದೂ ಎದ್ದುಬರುತ್ತದೆ. ಚೆಂದ ಕಾಣುತ್ತದೆ ನಿಜ. ಆದರೆ ಮಳೆಗಾಲದಲ್ಲಿ ಬೂಸ್ಟು ಹಿಡಿಯುವ ಬಣ್ಣಗಳಲ್ಲಿ ಇದೇ ಮೊದಲು.

8. ಏನು ಬರೆಯುವುದು?

ಬಣ್ಣ ಮಾಡುವುದು ಸುಲಭ, ಕಷ್ಟ ಇರುವುದು ಇಲ್ಲಿ. ಬಣ್ಣ ಸಿದ್ಧವಾದ ಕೂಡಲೇ ಮಕ್ಕಳು ಫೋನ್ ತೆಗೆಯುತ್ತಾರೆ. ರಾಜಾಸೀಟಿನ ಸೂರ್ಯಾಸ್ತ, ಅಬ್ಬಿ ಜಲಪಾತ, ಕೊಡವ ಉಡುಗೆ ತೊಟ್ಟು ನಿಂತ ಜೋಡಿ. ಎಲ್ಲವೂ ಯಾರೋ ತೆಗೆದ ಫೋಟೊ. ನಕಲು ಮಾಡಿದರೆ ಕೈ ಪಳಗುತ್ತದೆ, ಅದು ತಪ್ಪಲ್ಲ. ಆದರೆ ಸೂರ್ಯಾಸ್ತಕ್ಕೆ ಬೇಕಾದ ನೇರಳೆ ನಿಮ್ಮ ಚಿಪ್ಪಿನಲ್ಲಿಲ್ಲ. ಫೋಟೊ ಎದುರು ಈ ಬಣ್ಣ ಸೋಲುತ್ತದೆ, ನೀವು ಬಣ್ಣವನ್ನು ಬೈಯುತ್ತೀರಿ.

ಈ ಬಣ್ಣಕ್ಕೆ ಹೊಂದುವ ವಸ್ತು ಮನೆ ಬಾಗಿಲಲ್ಲೇ ಇದೆ. ತೋಟದಿಂದ ಬಂದು ಕಳಚಿಟ್ಟ ಗಂಬೂಟು. ಒಂದು ನೆಟ್ಟಗೆ, ಒಂದು ಅಡ್ಡ ಬಿದ್ದು. ಮೇಲಿನ ಅರ್ಧ ಕಪ್ಪು, ಕೆಳಗಿನ ಅರ್ಧ ಮಣ್ಣು. ಅದನ್ನು ಅದೇ ಮಣ್ಣಿಂದ ಬರೆಯಿರಿ. ಮೊದಲು ಹತ್ತು ನಿಮಿಷ ಬ್ರಷ್ ಮುಟ್ಟದೆ ನೋಡಿ. ಒಣಗಿದ ಕೆಸರು ಒದ್ದೆ ಕೆಸರಿಗಿಂತ ತಿಳಿ, ಹಿಮ್ಮಡಿಯ ಹತ್ತಿರ ರಬ್ಬರ್ ಬಿರಿದಿದೆ, ಒಳಗೆ ಕಾಲುಚೀಲದ ಅಂಚು ಇಣುಕುತ್ತಿದೆ. ಫೋಟೊದಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಗಂಬೂಟು ಬೇಡವೆಂದರೆ ಸೌದೆ ಕೊಟ್ಟಿಗೆ, ಕಾಫಿ ಕಣದ ಗೋರೆಹಲಗೆ, ಅಜ್ಜಿಯ ಕೈ. ಒಂದನ್ನೇ ಮೂರು ಸಲ ಬರೆಯಿರಿ. ಮೊದಲನೆಯದು ಕೆಟ್ಟಿರುತ್ತದೆ, ಹರಿಯಬೇಡಿ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಲು ಅದು ಬೇಕು.

ಸಾಧ್ಯವಾದರೆ ಒಂದು ಭಾನುವಾರ ಕಕ್ಕಬ್ಬೆಯ ಹತ್ತಿರದ ನಾಲ್ಕುನಾಡು ಅರಮನೆಗೆ ಹೋಗಿಬನ್ನಿ. ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ 1790ರ ದಶಕದಲ್ಲಿ ಕಟ್ಟಿಸಿದ್ದು. ತಡಿಯಂಡಮೋಳ್ ಬೆಟ್ಟ ಹತ್ತುವವರು ಅದರ ಮುಂದೆಯೇ ಹಾದು ಹೋಗುತ್ತಾರೆ, ಒಳಗಿನ ಗೋಡೆಚಿತ್ರ ನೋಡುವವರು ಕಡಿಮೆ. ಎಷ್ಟು ಕಡಿಮೆ ಬಣ್ಣದಲ್ಲಿ ಕೆಲಸ ಮುಗಿಸಿದ್ದಾರೆ ಅಂತ ಎಣಿಸಿ ನೋಡಿ. ಮುಟ್ಟಬೇಡಿ, ಫ್ಲ್ಯಾಶ್ ಹಾಕಬೇಡಿ.

ಅಪ್ಪ ಅಮ್ಮನಿಗೆ ಒಂದೇ ಮಾತು: ಮಗು ಬರೆಯುತ್ತಿರುವಾಗ "ಇದು ಏನು?" ಅಂತ ಕೇಳಬೇಡಿ. "ಈ ಕೆಂಪು ಯಾವ ಜಾಗದ್ದು?" ಅಂತ ಕೇಳಿ, ಅರ್ಧ ಗಂಟೆ ಮಾತಾಡುತ್ತದೆ. ಮೇಷ್ಟ್ರಿಗೂ ಒಂದು: ಸ್ಪರ್ಧೆಗೋ ಡ್ರಾಯಿಂಗ್ ಗ್ರೇಡ್ ಪರೀಕ್ಷೆಗೋ ಈ ಬಣ್ಣ ಒಯ್ಯುವ ಮೊದಲು ನಿಯಮ ಓದಿ. ಯಾವ ಮಾಧ್ಯಮ ಅಂತ ಸೂಚಿಸಿದ್ದರೆ ಅದನ್ನೇ ಬಳಸಬೇಕು.

9. ಮಳೆಗಾಲ ದಾಟಿಸುವುದು

ಚಿತ್ರವನ್ನು ಎರಡು ದಿನ ಗಾಳಿಗೆ ಬಿಟ್ಟು, ಬೆಂಕಿಯ ಹತ್ತಿರವಲ್ಲದ ಜಾಗದಲ್ಲಿ ಒಣಗಿಸಿ. ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಹೆಸರು, ತಾರೀಕು, ಯಾವ ಯಾವ ಜಾಗದ ಮಣ್ಣು ಅಂತ ಬರೆಯಿರಿ. ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ.

ಲ್ಯಾಮಿನೇಷನ್ ಬೇಡ. ಅದರ ಬಿಸಿ ಅಂಟು ಚಿತ್ರಕ್ಕೆ ಕಾಯಂ ಅಂಟಿಕೊಳ್ಳುತ್ತದೆ, ತೇವ ಒಳಗಿದ್ದರೆ ಒಳಗೇ ಉಳಿಯುತ್ತದೆ. ಗೋಡೆಗೆ ಹಾಕುವುದಾದರೆ ಗಾಜಿನ ಫ್ರೇಮ್, ಗಾಜಿಗೂ ಕಾಗದಕ್ಕೂ ನಡುವೆ ರಟ್ಟಿನ ಅಂಚು ಕೊಟ್ಟು ಸ್ವಲ್ಪ ಸಂದು ಬಿಡಿಸಿ. ಹೊರಗೋಡೆಗೆ ತೂಗುಹಾಕಬೇಡಿ, ಜುಲೈಯಲ್ಲಿ ಆ ಗೋಡೆ ಬೆವರುತ್ತದೆ.

ಫ್ರೇಮ್ ಹಾಕದ ಚಿತ್ರಗಳನ್ನು ನಡುನಡುವೆ ಬಿಳಿ ಕಾಗದ ಇಟ್ಟು, ಫೈಲಿನಲ್ಲಿ ಕಪಾಟಿನ ಮೇಲಿನ ಅರೆಯಲ್ಲಿಡಿ. ಬಟ್ಟೆ ಕಪಾಟಿನೊಳಗೆ ಸಣ್ಣ ಬಲ್ಬ್ ಉರಿಸಿಡುವ ಮನೆಗಳಿವೆಯಲ್ಲ, ಅಂಥ ಕಪಾಟಾದರೆ ಇನ್ನೂ ಒಳ್ಳೆಯದು, ಬಲ್ಬಿಗೆ ಕಾಗದ ತಾಗದಿರಲಿ. ಹದಿನೈದು ದಿನಕ್ಕೊಮ್ಮೆ ತೆಗೆದು ಗಾಳಿಯಾಡಿಸಿ. ಬೂಸ್ಟಿನ ಚುಕ್ಕೆ ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಬಣ್ಣವೂ ಬೂಸ್ಟೂ ಒಟ್ಟಿಗೆ ಹರಡುತ್ತವೆ. ಬಿಸಿಲು ಬಂದ ದಿನ ಜಗಲಿಗೆ ತಂದು, ಮಾಸ್ಕ್ ಹಾಕಿ, ಒಣ ಮೆತ್ತನೆ ಬ್ರಷ್ಷಿನಲ್ಲಿ ನಿಮ್ಮಿಂದಾಚೆಗೆ ಗುಡಿಸಿ. ಆ ಬ್ರಷ್ಷನ್ನು ಮತ್ತೆ ಬಣ್ಣಕ್ಕೆ ಅದ್ದಬೇಡಿ.